ಹೆದೆಯ ಮೇಲೆ ಎರಡು ಗುರುತು

ಮೂರನೆಯ ಸಲ ತಂದಿದ್ದಾನೆ ವೈನೊ ತನ್ನ ಅಡ್ಡಬಿಲ್ಲನ್ನು,
ಹಳೆಯ ಕಂಬಳಿಯಲ್ಲಿ ಸುತ್ತಿ, ಕಾಯಿಲೆ ಕರುವಿನ ಹಾಗೆ.
"ಎಡಕ್ಕೆ ಹೋಗುತ್ತದೆ, ಹಿಲ್ಯಾ.
ಮೂವತ್ತು ಗಜಕ್ಕೆ ನಾಲ್ಕು ಬೆರಳು."
ಒಲೆ ಪಕ್ಕದ ಸ್ಟೂಲಿನ ಮೇಲೆ ಕೂತ.
ಕೊಟ್ಟ ಏಲಕ್ಕಿ ಬ್ರೆಡ್ಡು ಮುಟ್ಟಲಿಲ್ಲ.

ಮೊದಲ ಸಲ ಹೆದೆಯನ್ನು ಬೈದಿದ್ದೆ.
ನಡುವಿನ ಸುತ್ತುನೂಲು ಎದ್ದು ನವಿರು ನವಿರಾಗಿತ್ತು.
ಹೊಸದು ಬಿಗಿದು ಮೇಣ ಸವರಿ
ಹೆಬ್ಬೆರಳ ಬಿಸಿಗೆ ಅದು ಎಳೆಯೊಳಗೆ ಇಳಿಯುವತನಕ ತಿಕ್ಕಿದೆ.
ಎಡಕ್ಕೇ ಹೋಯಿತು.
ಎರಡನೆಯ ಸಲ ದುರ್ಬೀನಿನ ತಿರುಪು. ಸಡಿಲವಿತ್ತು, ನಿಜ.
ಹಳಿಗೆ ಮೆತ್ತಿದ್ದ ಹೋದ ವರ್ಷದ ಪೈನ್ ಅಂಟನ್ನು
ಹಲ್ಲುಜ್ಜುವ ಬ್ರಶ್ಶಿನಲ್ಲಿ ಕೆರೆದೆ.
ಬಿಲ್ಲಿನ ಎರಡೂ ತೋಳಿನ ಮೇಲೆ ಹತ್ತಿ ಆಡಿಸಿದೆ,
ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳಬೇಕು; ಸಿಗಲಿಲ್ಲ.
ಬಾಣಗಳನ್ನು ಗಾಜಿನ ಮೇಲೆ ಉರುಳಿಸಿದೆ.
ಒಂದು ಕುಂಟಿತು, ಮುರಿದು ಬಿಸಾಕಿದೆ.
ಎಡಕ್ಕೇ.

ಬೇಟೆ ತೆರೆಯಲು ಇನ್ನು ಐದೇ ದಿನ.
ಸುಪೀರಿಯರ್ ಸರೋವರದ ಗಾಳಿ ಅಂಗಡಿ ಬಾಗಿಲನ್ನು
ಗಿರಾಕಿಗಳಿಗಿಂತ ಹೆಚ್ಚು ಸಲ ತೆರೆಯುತ್ತಿದೆ.
ಬೆಳಿಗ್ಗೆ ಒಬ್ಬ ಹುಡುಗ, ಬಾಣವಿಡದೆ ಕುದುರೆ ಒತ್ತಿ
ತೋಳು ಸಿಡಿಸಿಕೊಂಡ ಬಿಲ್ಲು ತಂದಿದ್ದ.
ಬರಿಗಾಳಿಗೆ ಬಿಟ್ಟ ಬಲ ಪಾಪ ಎಲ್ಲಿಗೆ ಹೋಗಬೇಕು,
ತಿರುಗಿ ಬಂದು ಸ್ವಂತ ಮನೆ ಒಡೆಯುತ್ತದೆ.

ವೈನೊನನ್ನು ಹಿತ್ತಲಿಗೆ ಕರೆದೊಯ್ದೆ.
ನಾನು ಹೊಡೆದೆ: ನಟ್ಟನಡುವಿಗೆ.
ಇನ್ನೊಂದು: ಅದರ ಕಿವಿ ಸವರಿಕೊಂಡು.
ಅವನು ಬಿಲ್ಲನ್ನು ನೋಡಿದ,
ಮನೆಯಲ್ಲಿ ರಚ್ಚೆ ಹಿಡಿದು ನೆಂಟರೆದುರು ಸಾಧುವಾದ
ಮಗುವನ್ನು ನೋಡುವ ಹಾಗೆ.

ಆಮೇಲೆ ನಾನು ಮಾಡಿದ್ದು ಸಣ್ಣ ಕೆಲಸ.
ಹೆದೆಯ ಮೇಲೆ, ಹಳಿಯ ಎರಡೂ ಅಂಚಿಗೆ,
ಕಪ್ಪು ಶಾಯಿಯ ಎರಡು ಗುರುತು.
"ಈಗ ನೀನು ಹೆದೆಯೇರಿಸು."

ರಿಕಾಪಿಗೆ ಬೂಟು ತೂರಿಸಿ ಬಾಗಿದ,
ನಲವತ್ತು ವರ್ಷ ದಿಮ್ಮಿ ಎಳೆದ ಬೆನ್ನು.
ಎಡಗೈ ಬಂತು.
ಬಲಗೈ ನಡುದಾರಿಯಲ್ಲಿ
ಏನೋ ಮರೆತು ಬಂದವರಂತೆ ತಡೆದು
ಆಮೇಲೆ ಬಂತು.
ಕೀಲು ಕಚ್ಚಿದ ಸದ್ದು.
ಇಬ್ಬರೂ ಬಗ್ಗಿ ನೋಡಿದೆವು.
ಒಂದು ಗುರುತು ಅಂಚಿನಿಂದ ಗೋಧಿಕಾಳಿನಷ್ಟು ಆಚೆ.
ಇನ್ನೊಂದು ಹಳಿಯ ಮೇಲೆ ಹತ್ತಿ ಕೂತಿದೆ.

ಕುಣಿಯಲಾರದವಳಿಗೆ ಅಂಗಳ ಡೊಂಕು ಎಂದು ನಗಬಹುದಿತ್ತು.
ಮಾರ್ಚಿನಲ್ಲಿ ಒಂದು ವಾರ ಅವನ ಬಾಯಿ ಸೊಟ್ಟಗಿತ್ತು.
ಹಲ್ಲುನೋವು ಎಂದಿದ್ದ.
ಊರೆಲ್ಲ ನಂಬಿದಂತೆ ಇದ್ದೆವು.

"ಹೆದೆ ಹಿಗ್ಗಿದೆ," ಎಂದೆ. "ಹೊಸದು ಬರುವತನಕ ಈ ಹಗ್ಗ ಬಳಸು.
ಎರಡು ಹಿಡಿ, ಎರಡು ಕೊಕ್ಕೆ, ಪುಟ್ಟ ರಾಟೆ.
ಎರಡೂ ಕಡೆ ಸಮ ಎಳೆಯುತ್ತದೆ, ಭಾರವೂ ಅರ್ಧ."
"ಹೆದೆ ಹಿಗ್ಗಿದೆ," ಎಂದ ಅವನೂ,
ಎಡಗೈಯಿಂದ ಬಲಗೈಯನ್ನೆತ್ತಿ ಜೇಬಿನೊಳಗಿಡುತ್ತ.
"ಹಳೆಯದಲ್ಲವೆ."
ಹಗ್ಗಕ್ಕೆ ದುಡ್ಡು ಎಣಿಸಿದ. ಬ್ರೆಡ್ಡು ತಿಂದ.

ಏರಿಸಿದ ಹೆದೆಯನ್ನು ಮೆಲ್ಲಗೆ ಇಳಿಸಲು ಬರುವುದಿಲ್ಲ.
ಜಿಂಕೆ ಬಾರದ ದಿನ ಕತ್ತಲಲ್ಲಿ ಮನೆಗೆ ಬಂದು
ಮರಳಿನ ಚೀಲಕ್ಕೆ ಒಂದು ಬಾಣ ಬಿಟ್ಟೇ ಉಣ್ಣಬೇಕು.
ಅಕ್ಟೋಬರ್ ಪೂರ್ತಿ, ಏಳೂವರೆ ಸುಮಾರಿಗೆ,
ರಸ್ತೆಯಾಚೆ ಅವನ ಕೊಟ್ಟಿಗೆಯ ಹಿಂದಿನಿಂದ ಒಂದು
ಠಪ್.
ಅದು ಕೇಳಿದ ಮೇಲೆ ನಾನು ಅಂಗಡಿಯ ದೀಪ ಆರಿಸುತ್ತೇನೆ.

ಇವತ್ತು ಎಂಟಾಯಿತು. ಎಂಟೂವರೆ.
ವರ್ಷದ ಮೊದಲ ಹಿಮ, ಬೀಳಲೋ ಬೇಡವೋ ಎಂಬಂತೆ.
ಸದ್ದು ಬಾರದಿದ್ದರೆ ಎರಡರ್ಥ.
ಯಾವುದಾದರೂ ಬೇಕಾಗುವುದು ಅದೇ:
ಟಾರ್ಚು, ಹಗ್ಗ,
ಗೋಡೆಗೆ ಒರಗಿಸಿದ ಜಾರುಬಂಡಿ.
ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೇನೆ.